ಶಕ್ತಿ ಗುಳಿಗೆ

ಆನೆಕೊಂಡ, ದಾವಣಗೆರೆ
7 ಜುಲೈ 2025, ಸೋಮವಾರ

ಅತ್ತೆ,

ಹತ್ತು ತಿಂಗಳಿಂದ ನಿನ್ನಿಂದ ಒಂದು ವಿಷಯ ಮುಚ್ಚಿಟ್ಟಿದ್ದೇನೆ. ನೀನು ದಿನಾ ನುಂಗುತ್ತಿರುವುದು ಶಕ್ತಿ ಗುಳಿಗೆ ಅಲ್ಲ. ನಿನ್ನ ಎಡಗಡೆಯ ಶ್ವಾಸಕೋಶದಲ್ಲಿ ಕ್ಯಾನ್ಸರ್ ಇದೆ. ಆ ಗುಳಿಗೆ ಅದಕ್ಕೆ.

ಇದನ್ನು ಮೆತ್ತಗೆ ಹೇಗೆ ಬರೆಯುವುದೆಂದು ನಿನ್ನೆ ಭಾನುವಾರ ಇಡೀ ದಿನ ಕೂತೆ. ನಾಲ್ಕು ಹಾಳೆ ಹರಿದೆ. ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ, ನಿನಗೆ ಗೊತ್ತು. ಈ ಕಾಗದವನ್ನು ಮನೆಗೆ ಒಯ್ಯಬೇಡ. ಶಾಲೆಯ ಅಡಿಗೆಮನೆಯಲ್ಲೇ, ಮಕ್ಕಳ ಊಟ ಮುಗಿದ ಮೇಲೆ ಓದು. ನಿಂತುಕೊಂಡು ಓದಬೇಡ, ಅಕ್ಕಿ ಚೀಲದ ಮೇಲೆ ಕೂತುಕೋ.

ಇವತ್ತೇ ಯಾಕೆ ಹೇಳುತ್ತಿದ್ದೇನೆ ಅಂದರೆ, ನಿನ್ನದೇ ಚೀಟಿಯಿಂದ. ಖಾಲಿ ಡಬ್ಬಿಯಲ್ಲಿ ನೀನು ಇಟ್ಟು ಕಳಿಸಿದ್ದೆಯಲ್ಲ: “ಗುಳಿಗೆ ಮುಗಿದವು. ಬ್ಯಾಡಗಿ ಮೆಣಸಿನಕಾಯಿ ಕಾಲು ಕೆ.ಜಿ. ಕಳಿಸು. ನನ್ನ ಮುಖದ ಗುಳ್ಳೆ ಹಾಗೇ ಇವೆ. ಈಗ ಮಾಸೂಮಾಳಿಗೂ ಎದ್ದಿವೆ. ಇಬ್ಬರೂ ಸಾರಿನ ಮುಂದೆ ನಿಂತರೆ ಹೆಡ್ ಮೇಷ್ಟ್ರು ‘ಏನ್ರವ್ವಾ, ಈ ವಯಸ್ಸಿನಾಗೆ ಮೊಡವೆ’ ಅಂತ ನಗುತ್ತಾರೆ.” ನಾನೂ ಬಸ್ ಸ್ಟ್ಯಾಂಡಿನಲ್ಲಿ ನಿಂತು ನಕ್ಕೆ. ಅರ್ಧ ದಾರಿ ನಡೆದ ಮೇಲೆ ಕಾಲು ನಿಂತಿತು. ನಿನ್ನ ಗುಳ್ಳೆ ಉಷ್ಣಕ್ಕೆ ಎದ್ದಿದ್ದಲ್ಲ ಅತ್ತೆ. ಆ ಗುಳಿಗೆ ತಿಂದವರಿಗೆ ಮುಖದಲ್ಲಿ ಗುಳ್ಳೆ ಏಳುತ್ತದೆ, ಉಗುರಿನ ಅಂಚು ಹುಣ್ಣಾಗುತ್ತದೆ, ಹೊಟ್ಟೆ ಕೆಡುತ್ತದೆ. ಪೆಟ್ಟಿಗೆಯೊಳಗಿನ ಕಾಗದದಲ್ಲಿ ಹಾಗೇ ಬರೆದಿದೆ. ನಿನ್ನ ಜೊತೆ ಅಡಿಗೆಗೆ ನಿಲ್ಲುವ ಮಾಸೂಮಾ ಚಾಚಿಗೆ ಯಾಕೆ ಎದ್ದವು? ಅವರಿಗೆ ಕೊಟ್ಟೆಯಾ? ಎಷ್ಟು ಕೊಟ್ಟೆ? ಯಾವತ್ತಿನಿಂದ? ಮಕ್ಕಳಿಗೇನಾದರೂ ಕೊಟ್ಟಿದ್ದೀಯಾ? ಇವತ್ತೇ ನಿಲ್ಲಿಸು. ಅವರು ಡಾಕ್ಟರಿಗೆ ತೋರಿಸಲಿ. ನೀನು ಮಾತ್ರ ಒಂದು ದಿನವೂ ತಪ್ಪಿಸಬೇಡ.

ಸುಳ್ಳು ಶುರುವಾಗಿದ್ದು ಹೇಗೆ ಅಂತಲೂ ಹೇಳುತ್ತೇನೆ. ಹೋದ ಸೆಪ್ಟೆಂಬರಿನಲ್ಲಿ ಡಾಕ್ಟರು ಹೆಸರು ಹೇಳಿದಾಗ ನೀನು ಹೊರಗೆ ಬೆಂಚಿನ ಮೇಲಿದ್ದೆ. ಹರೀಶಣ್ಣ ನನ್ನ ಕೈ ಹಿಡಿದು, “ಅವ್ವನಿಗೆ ಗೊತ್ತಾಗಬಾರದು. ದೊಡ್ಡವ್ವ ಹೆಸರು ಕೇಳಿದ ದಿನದಿಂದ ಊಟ ಬಿಟ್ಲು, ಇಪ್ಪತ್ತು ದಿನಕ್ಕೆ ಹೋದ್ಲು” ಅಂದ. ದೊಡ್ಡತ್ತೆಯದು ನಾನೂ ನೋಡಿದ್ದೆ. ಹೂಂ ಅಂದೆ. ಪೆಟ್ಟಿಗೆ ನೋಡಿ ಯಾರಾದರೂ ಓದಿ ಹೇಳಿಯಾರು ಅಂತ ಗುಳಿಗೆಗಳನ್ನು ಬೇರೆ ಡಬ್ಬಿಗೆ ಹಾಕಲು ಹೇಳಿದ. ಪ್ರತಿ ತಿಂಗಳು ನಮ್ಮ ಔಷಧ ಏಜೆನ್ಸಿಯ ಕೌಂಟರಿನಲ್ಲಿ ನಿಂತು ಮೂವತ್ತನ್ನೂ ನಾನೇ ಒತ್ತಿ ತೆಗೆಯುತ್ತೇನೆ. ಡಬ್ಬಿ ನಿನಗೆ ಗೊತ್ತೇ ಇದೆ, ನಾನು ನಿಮ್ಮ ಮನೆಯಲ್ಲಿದ್ದು ಶಾಲೆಗೆ ಹೋಗುವಾಗ ನೀನು ಅವಲಕ್ಕಿ ಹಾಕಿ ಕೊಡುತ್ತಿದ್ದ ಸ್ಟೀಲಿನದು.

ಗುಳಿಗೆ ಮಾಡುವುದು ಒಂದು ದೊಡ್ಡ ಕಂಪನಿ. ಮೊದಲ ಮೂರು ತಿಂಗಳದ್ದು ನಾವು ಕೊಂಡೆವು. ಹರೀಶಣ್ಣನ ಬೈಕು ಕೆಟ್ಟಿದ್ದಲ್ಲ, ಮಾರಿದ್ದು. ಆಮೇಲಿನದು ಕಂಪನಿಯೇ ಪುಕ್ಕಟೆ ಕೊಡುತ್ತದೆ. ಅದಕ್ಕೆ ಹಿಂದಿನ ತಿಂಗಳ ಖಾಲಿ ಸ್ಟ್ರಿಪ್ ಒಪ್ಪಿಸಿ, “ರೋಗಿ ಎಲ್ಲ ಗುಳಿಗೆ ತೆಗೆದುಕೊಂಡಿದ್ದಾರೆ” ಎಂಬ ಕಾಗದಕ್ಕೆ ಸಹಿ ಮಾಡಬೇಕು. ಸಹಿ ನನ್ನದು.

ಸಂಕ್ರಾಂತಿಯ ದಿನ ನಾನೂ ಹರೀಶಣ್ಣನೂ ಜಗಳವಾಡಿದ್ದು ಇದಕ್ಕೇ. ಹೇಳಿಬಿಡೋಣ ಅಂದೆ. “ಬಾಯಿ ಮುಚ್ಚಾಕೆ ಬರದಿದ್ರೆ ಹೊಸ್ತಿಲು ದಾಟಬ್ಯಾಡ” ಅಂದ. ಆರು ತಿಂಗಳಾಯಿತು, ಹದಿನಾಲ್ಕು ಕಿಲೋಮೀಟರ್ ದೂರದ ಹರಿಹರಕ್ಕೆ ಬಂದಿಲ್ಲ. ಫೋನು ಮಾಡಿದರೆ ಎರಡು ಮಾತಿಗೆ ನಿನಗೆ ಕೆಮ್ಮು, ಮೂರನೇ ಮಾತಿಗೆ ಅವನು ಇಸಿದುಕೊಳ್ಳುತ್ತಾನೆ. ಅದಕ್ಕೆ, ಬಸ್ಸಿಗೆ ಕೊಡುವ ಡಬ್ಬಿಯಲ್ಲೇ ಈ ಕಾಗದ.

ಉತ್ತರ ಬರೆ. ಬೈದಾದರೂ ಬರೆ.

ಚೈತ್ರಾ


ದಾವಣಗೆರೆ
14 ಜುಲೈ 2025

ಅತ್ತೆ,

ಒಂದು ವಾರವಾಯಿತು. ಕಂಡಕ್ಟರ್ ಖಾಜಾ ಹುಸೇನಣ್ಣನನ್ನು ದಿನಾ ಕೇಳುತ್ತೇನೆ. ಇವತ್ತು ಅವನೇ ನನ್ನನ್ನು ಕೇಳಿದ: “ನಿಮ್ಮತ್ತೆ ಶಾಲೆ ಗೇಟ್ನಾಗೆ ಡಬ್ಬಿ ಇಸ್ಕಂಡ್ರು, ಮಾರನೇ ದಿನದಿಂದ ಒಂದ್ ಮಾತಿಲ್ಲ. ದಿನಾ ‘ಏನಪಾ ಖಾಜಾ, ಚಾ ಆತಾ’ ಅಂತಿದ್ರು. ಈಗ ಬಸ್ಸು ನೋಡಿ ಒಳಗೆ ಹೋಗ್ತಾರೆ. ಏನ್ ಕಳಿಸಿದ್ಯವ್ವಾ ಅದ್ರಾಗೆ?”

ಮೆಣಸಿನಕಾಯಿ ಅಂದೆ. ಸುಳ್ಳಲ್ಲ, ಅದೂ ಇತ್ತು.

ಊಟ ಮಾಡುತ್ತಿದ್ದೀಯಾ? ಅದೊಂದನ್ನು ಮಾತ್ರ ಬರೆ. ಒಂದೇ ಸಾಲು ಸಾಕು.

ಚೈತ್ರಾ


ಹರಿಹರ
24 ಜುಲೈ 2025

ಮಗಳೇ ಚೈತ್ರಾ,

“ನಾವೆಲ್ಲರೂ ಕ್ಷೇಮ” ಎಂದು ಬರೆಯಲು ಹೋದೆ. ನೀನು ಅದಕ್ಕೂ ಜಗಳ ತೆಗೆಯುತ್ತೀಯೆಂದು ಬಿಟ್ಟೆ.

ಊಟ ಮಾಡುತ್ತಿದ್ದೇನೆ. ನಾನು ನನ್ನಕ್ಕನಲ್ಲ. ಇನ್ನೂರಹತ್ತು ಮಕ್ಕಳಿಗೆ ಬಡಿಸುವವಳು ಉಪವಾಸ ಇದ್ದರೆ ಕೈ ನಡುಗುತ್ತದೆ, ಸಾರು ಚೆಲ್ಲುತ್ತದೆ.

ನಿನ್ನ ಕಾಗದ ಓದಿದ ದಿನ ತೊಳೆದಿಟ್ಟ ತಟ್ಟೆಗಳನ್ನು ಇನ್ನೊಂದು ಸಲ ತೊಳೆದೆ. ನಾನು ಟಿ.ಬಿ. ಅಂದುಕೊಂಡಿದ್ದೆ. ನಿಮ್ಮ ಮಾವನಿಗೆ ಬಂದಿತ್ತು, ವಾಸಿಯಾಗಿತ್ತು. ಟಿ.ಬಿ.ಗೆ ಹೆದರಿಕೆ ಇರಲಿಲ್ಲ. ಇದಕ್ಕೆ ಇದೆ. ಅದನ್ನು ನಿನ್ನ ಹತ್ತಿರ ಮುಚ್ಚುವುದಿಲ್ಲ.

ಆದರೆ ಸಿಟ್ಟು ಬಂದಿದ್ದು ರೋಗದ ಮೇಲಲ್ಲ, ನಿಮ್ಮಿಬ್ಬರ ಮೇಲೆ. ನನಗೆ ಹೆಸರು ಹೇಳದೆ ಇದ್ದಿರಿ, ಇರಲಿ. ಏನು ಹೆಸರಿಟ್ಟು ಕೊಟ್ಟಿರಿ? ಶಕ್ತಿ ಗುಳಿಗೆ! ನಮ್ಮ ಶಾಲೆಯಲ್ಲಿ ಮಕ್ಕಳಿಗೆ ವಾರಕ್ಕೊಂದು ಕಬ್ಬಿಣದ ಗುಳಿಗೆ ಕೊಡುತ್ತಾರೆ. ನೀರಿನ ಲೋಟ ಹಿಡಿದು ಸಾಲಿನಲ್ಲಿ ನಿಲ್ಲಿಸುವುದು ನಾನೇ. ಶಕ್ತಿ ಅಂದರೆ ಎಲ್ಲರಿಗೂ ಹಂಚುವುದು ಎಂದೇ ನನಗೆ ಗೊತ್ತಿರುವುದು. ಈ ವರ್ಷ ಯುಗಾದಿಯ ಮಾರನೇ ದಿನವೇ ರಂಜಾನ್ ಬಂತಲ್ಲ. ಮಾಸೂಮಾ ತಿಂಗಳಿಡೀ ರೋಜಾ ಉಪವಾಸ ಹಿಡಿದು, ಆ ಬೆಂಕಿಯ ಮುಂದೆ ನಿಂತು, ಹಬ್ಬದ ಹಿಂದಿನ ವಾರ ಅನ್ನ ಬಸಿಯುವಾಗ ತಲೆ ತಿರುಗಿ ಬಿದ್ದಳು. ನಾನು ಹೋಳಿಗೆ ಒಯ್ದೆ, ಅವಳು ತಮ್ಮ ಹಬ್ಬದ ಪಾಯಸ ಸುರಕುಂಬಾ ಕೊಟ್ಟಳು. ಡಬ್ಬಿಯನ್ನೂ ಒಯ್ದಿದ್ದೆ. “ದಾವಣಗೆರೆಯಿಂದ ನಮ್ಮ ಹುಡುಗಿ ಕಳಿಸ್ತಾಳೆ, ಭಾಳ ಚಲೋ ಗುಳಿಗೆ” ಎಂದು ನಾನೇ ಅವಳ ಬಾಯಿಗೆ ಹಾಕಿದೆ. ಅವತ್ತಿನಿಂದ ಒಂದು ದಿನ ನನಗೆ, ಒಂದು ದಿನ ಅವಳಿಗೆ. ನೂರು ದಿನ. ಬೇಳೆ ಅಳೆಯುವವಳು, ಲೆಕ್ಕ ಬರುತ್ತದೆ: ಐವತ್ತು. ಮಕ್ಕಳಿಗೆ ಕೊಟ್ಟಿಲ್ಲ, ಅಷ್ಟು ಬುದ್ಧಿ ಇದೆ.

ನಿನ್ನ ಕಾಗದ ಬಂದ ದಿನವೇ ಗುಳಿಗೆ ನಿಲ್ಲಿಸಿದೆ. “ದಾವಣಗೆರೆಯಿಂದ ಕಮ್ಮಿ ಬಂದೈತೆ” ಎಂದೆ. ಯಾಕೆಂದು ಹೇಳಲು ಒಂಬತ್ತು ದಿನ ಬೇಕಾಯಿತು. ಹೇಳಿದಾಗ ಅವಳು ಸೌಟು ಕೆಳಗಿಟ್ಟು ನನ್ನನ್ನೇ ನೋಡಿದಳು. ತನಗೇನಾಗುತ್ತದೆ ಎಂದು ಕೇಳುತ್ತಾಳೆ ಅಂದುಕೊಂಡೆ. ಕೇಳಲಿಲ್ಲ. “ಹಂಗಾದ್ರೆ ಇಷ್ಟ್ ದಿನ ನಾ ನಿನ್ನ ಆಯಸ್ಸು ತಿಂದ್ನೇನೇ ಚೌಡಕ್ಕಾ?” ಅಂದಳು.

ಅವಳನ್ನು ಸರಕಾರಿ ಆಸ್ಪತ್ರೆಗೆ ಕರೆದೊಯ್ದು ತೋರಿಸಿದೆ. ರಕ್ತ ಪರೀಕ್ಷೆ ಆಯಿತು, ಗಾಬರಿ ಇಲ್ಲ ಎಂದರು. ಮುಖದ ಗುಳ್ಳೆ ಇಳಿಯುತ್ತಿವೆ. ನನ್ನವು ಹಾಗೇ ಇವೆ. ಈಗ ಹೆಡ್ ಮೇಷ್ಟ್ರು ನನ್ನೊಬ್ಬಳನ್ನೇ ನೋಡಿ ನಗಬೇಕು.

ಒಂದು ಮಾತು. ನನಗೆ ಗೊತ್ತಾಗಿದೆ ಎಂದು ಹರೀಶನಿಗೆ ಹೇಳಬೇಡ. ದಿನಾ ಬೆಳಿಗ್ಗೆ “ಅವ್ವಾ, ಶಕ್ತಿ ಗುಳಿಗೆ ತಗಂಡ್ಯಾ” ಎಂದು ಕೇಳಿ, ಹೂಂ ಅಂದಮೇಲೆಯೇ ಅವನು ಚಹಾ ಕುಡಿಯುತ್ತಾನೆ. ಆ ಒಂದು ಹೂಂ ಮೇಲೆ ಅವನ ದಿನ ನಿಂತಿದೆ. ಕಸಿಯಲು ನನಗೆ ಮನಸ್ಸಿಲ್ಲ.

ಚೌಡವ್ವ


ದಾವಣಗೆರೆ
26 ಜುಲೈ 2025

ಅತ್ತೆ,

ನಿನ್ನ ಕಾಗದವನ್ನು ಕೌಂಟರಿನ ಕೆಳಗೆ ಕೂತು ಓದಿದೆ. ಮಾಲೀಕರು ಬಗ್ಗಿ ನೋಡಿ “ಏನ್ ಹುಡುಕ್ತಿ?” ಅಂದರು. ಅಳುತ್ತಿದ್ದೇನೆ ಅಂದೆ. ಏನೂ ಕೇಳದೆ ಹೋದರು.

ಹರೀಶಣ್ಣನಿಗೆ ನಾನು ಹೇಳುವುದಿಲ್ಲ. ಹೋದ ಸಲ ನಿನ್ನನ್ನು ಕೇಳದೆ ಮುಚ್ಚಿಟ್ಟೆ. ಈ ಸಲ ನಿನ್ನನ್ನು ಕೇಳದೆ ಬಾಯಿ ಬಿಡುವುದಿಲ್ಲ. ಆದರೆ ಕೇಳುವುದನ್ನು ಕೇಳುತ್ತೇನೆ.

30ನೇ ತಾರೀಖು ನಿನಗೆ ಸ್ಕ್ಯಾನ್ ಇದೆ. ನೂರು ದಿನ ನೀನು ಅರ್ಧ ಔಷಧದಲ್ಲಿದ್ದೆ. ಜೂನಿನಿಂದ ಕೆಮ್ಮು ಹೆಚ್ಚಾಗಿದೆ ಎಂದು ನೀನು ಬರೆದಿಲ್ಲ, ಖಾಜಾ ಹುಸೇನಣ್ಣ ಹೇಳಿದ. ಸ್ಕ್ಯಾನಿನಲ್ಲಿ ಗಂಟು ದೊಡ್ಡದಾಗಿ ಕಂಡರೆ ಡಾಕ್ಟರು ಏನು ತಿಳಿಯುತ್ತಾರೆ? ಅವರ ಫೈಲಿನಲ್ಲಿ ಎಲ್ಲ ತಿಂಗಳ ಖಾಲಿ ಸ್ಟ್ರಿಪ್ಪಿನ ಲೆಕ್ಕ ಇದೆ, ಕೆಳಗೆ ನನ್ನ ಸಹಿ ಇದೆ. ಹೆಂಗಸು ಒಂದು ದಿನವೂ ತಪ್ಪಿಸಿಲ್ಲ, ಆದರೂ ಬೆಳೆದಿದೆ, ಅಂದಮೇಲೆ ಗುಳಿಗೆ ಕೆಲಸ ಮಾಡುವುದನ್ನು ನಿಲ್ಲಿಸಿದೆ ಎಂದು ತಿಳಿಯುತ್ತಾರೆ. ನಿಲ್ಲಿಸಿಬಿಡುತ್ತಾರೆ. ಅದು ಇನ್ನೂ ಕೆಲಸ ಮಾಡುವ ಗುಳಿಗೆ ಆಗಿದ್ದರೆ?

ನೀನೇ ಹೇಳಬೇಕು ಅತ್ತೆ. ಒಂದು ದಿನ ಬಿಟ್ಟು ಒಂದು ದಿನ ತಿಂದೆ ಎಂದು. ಮಾಸೂಮಾ ಚಾಚಿಯ ಹೆಸರು ಬೇಡ. ಅಷ್ಟು ಹೇಳಿದರೆ ಸಾಕು. ಹರೀಶಣ್ಣ ಪಕ್ಕದಲ್ಲೇ ಇರುತ್ತಾನೆ, ಅವನನ್ನು ಚಹಾ ತರಲು ಕಳಿಸು.

ಚೈತ್ರಾ


ಹರಿಹರ
1 ಆಗಸ್ಟ್ 2025

ಚೈತ್ರಾ,

ಸ್ಕ್ಯಾನ್ ಆಯಿತು. ತಣ್ಣಗಿನ ಕೋಣೆ, ಎರಡು ಕಂಬಳಿ ಹೊದಿಸಿದರು. ಅಲ್ಲಿನ ಹುಡುಗಿ ಒಳ್ಳೆಯವಳು, ನನ್ನ ಮೂಗುಬೊಟ್ಟು ಬಿಚ್ಚಲು ಸಹಾಯ ಮಾಡಿದಳು.

ಹರೀಶ ಆ ದೊಡ್ಡ ಕಪ್ಪು ಹಾಳೆಯನ್ನು ಬಿಸಿಲಿಗೆ ಹಿಡಿದು ನೋಡಿದ. ಅವನಿಗೇನು ಗೊತ್ತಾಗುತ್ತದೆ? ಆದರೂ ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ ನನ್ನ ಕಡೆ ತಿರುಗಿ “ಚಲೋ ಐತೆ ಅವ್ವಾ” ಅಂದ.

ಡಾಕ್ಟರು ಹರೀಶನಿಗೆ ಇಂಗ್ಲಿಷಿನಲ್ಲಿ ಹೇಳಿದರು. ನನಗೆ ಕನ್ನಡದಲ್ಲಿ, “ಅಮ್ಮಾ, ಈ ಗುಳಿಗೆ ಇನ್ನು ಸಾಕು, ಬೇರೆ ಕೊಡೋಣ, ಗ್ಲೂಕೋಸ್ ಹಾಕಿದಂಗೆ ಹಾಕ್ತೀವಿ” ಅಂದರು. ಡಬ್ಬಿಯಲ್ಲಿ ಉಳಿದಿದ್ದು ಮುಗಿದರೆ ಮುಗಿಯಿತಂತೆ.

ನಾನು ಹೇಳಲಿಲ್ಲ. ಚಹಾ ತರಲು ಕಳಿಸಿದೆ, ಅವನು ಹೋಗಲಿಲ್ಲ. ಕುರ್ಚಿಯ ಹಿಂದೆ ನಿಂತು ನನ್ನ ಹೆಗಲು ಹಿಡಿದಿದ್ದ. ಕೈ ಬಿಸಿಯಾಗಿತ್ತು, ಚಿಕ್ಕವನಿದ್ದಾಗ ಜ್ವರ ಬಂದಾಗ ಇರುತ್ತಿದ್ದ ಹಾಗೆ. ನಾನು ಬಾಯಿ ತೆರೆದರೆ, ತಾನು ಇಟ್ಟ ಹೆಸರಿನಿಂದಲೇ ಅವ್ವನ ಗುಳಿಗೆ ಅರ್ಧ ಹೋಯಿತು ಎಂದು ಅವನಿಗೆ ಗೊತ್ತಾಗುತ್ತದೆ. ಅದನ್ನು ಹೊತ್ತು ಅವನು ಬದುಕಬೇಕು. ನಾನು ಇದ್ದರೂ ಹೋದರೂ.

ಬಿಡು ಮಗಳೇ. ಐವತ್ನಾಲ್ಕು ವರ್ಷ ಕಡಿಮೆಯಲ್ಲ.

ಆಸ್ಪತ್ರೆಯ ಎದುರಿನ ಎಳನೀರು ಗಾಡಿಯ ಹಿಂದೆ ನಿಂತಿದ್ದವಳು ನೀನೇ ತಾನೆ? ಆ ಕೆಂಪು ವೇಲು ನಾನೇ ಕೊಡಿಸಿದ್ದು. ಎಷ್ಟು ಬಡವಾಗಿದ್ದೀಯಾ. ಮೆಸ್ಸಿನ ಊಟ ಬಿಡು, ಒಂದು ಕುಕ್ಕರ್ ತಗೋ.

ಚೌಡವ್ವ


ದಾವಣಗೆರೆ
4 ಆಗಸ್ಟ್ 2025

ಅತ್ತೆ,

ಹೌದು, ನಾನೇ. ಎರಡು ಗಂಟೆ ನಿಂತಿದ್ದೆ. ಎಳನೀರಿನವನು ಬೇಸತ್ತು “ಕುಡೀತೀಯೋ ಕಾಯ್ತೀಯೋ” ಅಂದ. ರಸ್ತೆ ದಾಟಲಿಲ್ಲ. ಹರೀಶಣ್ಣನಿಗೆ ಹೆದರಿ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಆರು ತಿಂಗಳು ಹರಿಹರಕ್ಕೆ ಬಾರದಿದ್ದದ್ದೂ ಅವನ ಮಾತಿಗಲ್ಲ. ನಿನ್ನ ಮುಖ ನೋಡಲು ಹೆದರಿಕೆ. ನಿನ್ನ ಮುಂದೆ ನಿಂತು ಆ ಮೂರು ಸಾಲು ಹೇಳಲು ನನ್ನಿಂದ ಆಗುತ್ತಿರಲಿಲ್ಲ. ಅಷ್ಟು ಸತ್ಯವಂತೆಯಾಗಿದ್ದರೆ ಬಸ್ಸಿಗೆ ಕಾಗದ ಕೊಟ್ಟು ಕಳಿಸುತ್ತಿದ್ದೆನಾ?

ಈಗ ನಿನ್ನ ಮೇಲೆ ಸಿಟ್ಟು ಬಂದಿದೆ. ಬರೆಯುತ್ತೇನೆ, ಓದು.

ಹತ್ತನೇ ಕ್ಲಾಸಿನ ಗಣಿತದ ಪರೀಕ್ಷೆ ನೆನಪಿದೆಯಾ? ಹೊರಗಿನಿಂದ ಉತ್ತರದ ಚೀಟಿ ಬಂತು. ಎಲ್ಲರೂ ಬರೆದರು. ನಾನೂ ಬರೆದೆ. ಕೊನೆಗೆ ತಡೆಯದೆ “ಇವು ನನ್ನ ಉತ್ತರಗಳಲ್ಲ” ಎಂದು ಕೆಳಗೆ ಬರೆದು ಎದ್ದು ಬಂದೆ. ಮತ್ತೆ ಶಾಲೆಯ ಕಡೆ ಹೋಗಲಿಲ್ಲ. ಅಪ್ಪ ಕೊಕ್ಕನೂರಿನಿಂದ ಬಂದು ಹೊಡೆದ. ನೀನು ಮಾತ್ರ, “ಹಂಗಾರೆ ಕೈ ತೊಳಕಾ, ಉಪ್ಪಿಟ್ಟು ಆರ್ತೈತೆ” ಅಂದೆ. ಅವತ್ತು ನಾನು ಬರೆದ ಆ ಸಾಲಿನಿಂದ ಯಾರಿಗೂ ಏನೂ ಆಗಲಿಲ್ಲ. ಸೀರೆ ಅಂಗಡಿ, ಮಂಡಕ್ಕಿ ಭಟ್ಟಿ: ಎಲ್ಲಿ ಹೋದರೂ ನನ್ನ ನಿಜ ನನ್ನ ಕೆಲಸವನ್ನಷ್ಟೇ ಕಳೆದಿದೆ. ಈ ಸಲ ಹಾಗಲ್ಲ. ಈ ಸಲ ಒಂದು ಮಾತಿನಿಂದ ನಿನ್ನ ಗುಳಿಗೆ ಉಳಿಯಬಹುದು. ಆ ಮಾತು ನಿನ್ನ ಬಾಯಲ್ಲಿದೆ, ನೀನು ಅದನ್ನು ನುಂಗಿ ಕೂತಿದ್ದೀಯಾ.

ಹರೀಶಣ್ಣ ಅದನ್ನು ಹೊತ್ತು ಬದುಕಬೇಕು ಅಂತೀಯ. ಅವನೂ ಹಾಗೇ ಅಂದುಕೊಂಡಿದ್ದ: ಅವ್ವ ಈ ಹೆಸರನ್ನು ಹೊರಲಾರಳು ಎಂದು. ನೀನು ಹೊರಲಿಲ್ಲವಾ? ತಟ್ಟೆ ಎರಡು ಸಲ ತೊಳೆದೆ, ಅಷ್ಟೆ.

ಇನ್ನೊಂದು. ಇವತ್ತು ನಾನು ಖಾಲಿ ಸ್ಟ್ರಿಪ್ ಒಪ್ಪಿಸಲು ಕಂಪನಿಯ ಪುಕ್ಕಟೆ ಗುಳಿಗೆ ಕೊಡುವಲ್ಲಿಗೆ ಹೋದೆ. ನಿನ್ನ ಮಾತನ್ನು ಹೇಳಲಿಲ್ಲ, ಆಣೆ. ನನ್ನದನ್ನು ಮಾತ್ರ ಹೇಳಿದೆ. “ಗುಳಿಗೆಗಳನ್ನು ಮೊದಲ ದಿನವೇ ನಾನೇ ಒತ್ತಿ ತೆಗೆಯುತ್ತೇನೆ. ರೋಗಿ ತಿಂದದ್ದನ್ನು ನಾನು ನೋಡಿಲ್ಲ. ಇಷ್ಟು ದಿನ ಮಾಡಿದ ಸಹಿ ನೋಡದೆ ಮಾಡಿದ್ದು.” ಕಂಪನಿಯ ಕಡೆಯಿಂದ ಅಲ್ಲಿ ಕೂರುವ ಗಣೇಶ ಪೆನ್ನು ಬಾಯಲ್ಲಿಟ್ಟುಕೊಂಡು ನನ್ನನ್ನೇ ನೋಡಿದ. “ಹುಚ್ಚಿ ಏನವ್ವಾ ನೀನು? ಯಾರೂ ಕೇಳದೆ ಇದ್ದಿದ್ದನ್ನ ಯಾಕ ಹೇಳ್ತಿ? ನಾನೀಗ ಕಿವುಡ ಆಗ್ಲಾ, ಬರಕೊಳ್ಳಾ?” ಬರೆದುಕೊಳ್ಳಿ ಅಂದೆ. ಬರೆದುಕೊಂಡ. ಡಾಕ್ಟರ ಪತ್ರ ಬರುವವರೆಗೆ ನಿನ್ನ ಹೆಸರನ್ನು ತಡೆಹಿಡಿಯಬೇಕಂತೆ, ಅದು ನಿಯಮವಂತೆ. ಹೇಳುವಾಗ ಅವನ ಮುಖ ಚಿಕ್ಕದಾಗಿತ್ತು. ಆಮೇಲೆ ಹೊರಗೆ ಬಂದು, “ಡಾಕ್ಟ್ರ ಹತ್ರ ಹೋಗಿ ನಿಜ ಇದ್ದದ್ದು ಹೇಳ್ರಿ. ಪತ್ರ ಬಂದ್ರೆ ಅವತ್ತೇ ನಾನು ಬೆಂಗಳೂರು ಆಫೀಸಿಗೆ ಕಳಿಸ್ತೀನಿ” ಅಂದ.

ನಾನು ಮಾಡಿದ್ದು ತಪ್ಪಾಗಿದ್ದರೆ ಬೈ. ನಿನ್ನ ಡಬ್ಬಿಯಲ್ಲಿ ಇನ್ನು ಮೂರೋ ನಾಲ್ಕೋ ಇರಬೇಕು.

ಚೈತ್ರಾ


ದಾವಣಗೆರೆ
9 ಆಗಸ್ಟ್ 2025

ಅತ್ತೆ,

ಮುಗಿದಿರಬೇಕು. ನಾನೇ ಬರಲಾ? ಹರೀಶಣ್ಣ ಬಾಗಿಲು ಹಾಕಿದರೆ ಕಟ್ಟೆಯ ಮೇಲೆ ಕೂರುತ್ತೇನೆ.

ಚೈತ್ರಾ


ಹರಿಹರ
16 ಆಗಸ್ಟ್ 2025

ಮಗಳೇ,

ನಿನ್ನೆ ಧ್ವಜದ ದಿನ, ಮಕ್ಕಳಿಗೆ ಸಿಹಿ ಬೂಂದಿ ಕರಿದೆವು. ಕೈ ಬಿಡುವಾಗಿರಲಿಲ್ಲ. ಇವತ್ತು ಎಲ್ಲವನ್ನೂ ಬರೆಯುತ್ತೇನೆ, ಉದ್ದವಾಗುತ್ತದೆ.

ಭಾನುವಾರ ಬೆಳಿಗ್ಗೆ ನಾನು ಒಲೆಯ ಮುಂದೆ ಇದ್ದೆ. ಹರೀಶ ಚಹಾಕ್ಕೆ ಕೂತಿದ್ದ. ಮಾಸೂಮಾ ಬಂದಳು. ಹಬ್ಬಕ್ಕಲ್ಲದೆ ನಮ್ಮ ಮನೆಯೊಳಗೆ ಬರುವವಳಲ್ಲ. ನಿಂತಲ್ಲೇ ಸೆರಗಿನ ಗಂಟು ಬಿಚ್ಚಿ, ಒಂದು ಸಣ್ಣ ಕಾಗದದ ಪೊಟ್ಟಣವನ್ನು ಹರೀಶನ ಮುಂದೆ ಇಟ್ಟಳು. “ತಗಾಪ್ಪಾ, ನಿಮ್ಮವ್ವನ ಗುಳಿಗೆ. ಹೊಟ್ಟೆ ಕೆಟ್ಟ ದಿನ ನಾ ನುಂಗಿದ್ದಿಲ್ಲ, ಚೌಡಕ್ಕ ಬೈತಾಳಂತ ಕಟ್ಟಿಟ್ಟಿದ್ದೆ. ಹನ್ನೊಂದು ಅವೆ.” ಅವಳಿಗೆ ನಾನು ಏನೂ ಹೇಳಿಕೊಟ್ಟಿರಲಿಲ್ಲ. ನನ್ನ ಡಬ್ಬಿ ಖಾಲಿಯಾದದ್ದನ್ನು ಶಾಲೆಯ ಅಡಿಗೆಮನೆಯಲ್ಲಿ ನೋಡಿದ್ದಳು, ಅಷ್ಟೆ.

ಹರೀಶ ಪೊಟ್ಟಣ ನೋಡಿದ, ಅವಳನ್ನು ನೋಡಿದ, ನನ್ನನ್ನು ನೋಡಿದ. “ಇದೇನವ್ವಾ?” ಅಂದ. ಮಾಸೂಮಾ ಬಾಯಿ ತೆರೆದಳು. ನಾನು ತಡೆದೆ. ನಾನೇ ಹೇಳಿದೆ. ನೀನು ಬರೆದ ಹಾಗೇ, ಸುತ್ತಿ ಬಳಸದೆ. ನನಗೆ ಕ್ಯಾನ್ಸರ್ ಐತೆ ಅಂತ ನನಗೆ ಗೊತ್ತೈತೆ. ಗುಳಿಗೆಯನ್ನು ಇವಳಿಗೆ ಅರ್ಧ ಕೊಟ್ಟೀನಿ. ನಿನ್ನ ತಪ್ಪಲ್ಲ, ನನ್ನ ಕೈ ಹಂಗೈತೆ.

ಆ ಪದ ನನ್ನ ಬಾಯಿಂದ ಬಂದಿದ್ದು ಅವತ್ತೇ ಮೊದಲು. ಬಂದಮೇಲೆ ಮನೆಯಲ್ಲಿ ಏನೂ ಬೀಳಲಿಲ್ಲ. ಹಾಲು ಮಾತ್ರ ಉಕ್ಕಿತು.

ಅವನು ಸಿಟ್ಟಾಗಲಿಲ್ಲ. ಕೂತಲ್ಲೇ ಮೊಣಕಾಲಿಗೆ ತಲೆ ಕೊಟ್ಟ. “ಶಕ್ತಿ ಗುಳಿಗೆ ಅಂತ ನಾನೇ ಅಂದೆ ಅವ್ವಾ, ನಾನೇ ಅಂದೆ” ಅಂತ ಹತ್ತು ಸಲ ಅಂದ. ಮಾಸೂಮಾ ಅವನ ತಲೆ ಸವರಿ, “ಅಳಬ್ಯಾಡಪ್ಪಾ, ಮುಖದ ಮ್ಯಾಲೆ ಗುಳ್ಳೆ ಎದ್ದಿದ್ದು ನನಗೆ. ನಾನೇ ಅಳ್ತಿಲ್ಲ” ಅಂದಳು. ನಾವು ಮೂವರೂ ನಕ್ಕೆವು. ನನಗೆ ಕೆಮ್ಮು ಬಂತು. ಆ ನಗುವಿನಲ್ಲೇ ಅವನು ಎದ್ದು ಚಹಾ ಮಾಡಿದ, ಸಕ್ಕರೆ ಮರೆತ.

ಮಂಗಳವಾರ ಡಾಕ್ಟರ ಹತ್ತಿರ ಹೋದೆವು. ಮಾಸೂಮಾಳೂ ಬಂದಳು. ಪೊಟ್ಟಣವನ್ನು ಅವರ ಕೈಯಲ್ಲೇ ಇಟ್ಟೆ. ಅವರು ಕನ್ನಡಕ ತೆಗೆದು ಎಣಿಸಿದರು. ಬೈಯುತ್ತಾರೆ ಅಂದುಕೊಂಡೆ. “ಅಮ್ಮಾ, ಇದನ್ನ ಹೇಳದೆ ಹೋಗಿದ್ರೆ ನಾನು ತಪ್ಪು ದಾರಿ ಹಿಡಿತಿದ್ದೆ” ಅಂದರು. ಗುಳಿಗೆ ಕೆಲಸ ಮಾಡುತ್ತಿಲ್ಲವೋ, ಸಾಲದೆ ಹೋಯಿತೋ, ಈಗ ಹೇಳಲು ಬರುವುದಿಲ್ಲವಂತೆ. ಬೆಂಗಳೂರಿನಲ್ಲಿ ಗಂಟಿನ ಒಂದು ಚೂರು ತೆಗೆದು ಪರೀಕ್ಷೆ ಮಾಡುತ್ತಾರಂತೆ. ಕೆಲಸ ಮಾಡುತ್ತಿದ್ದರೆ ಇದೇ ಗುಳಿಗೆ, ದಿನಾ. ರೋಗವೇ ಬದಲಾಗಿದ್ದರೆ ಅದೇ ಕಂಪನಿಯದು ಇನ್ನೊಂದು ಗುಳಿಗೆ ಇದೆಯಂತೆ. ಅದೂ ಆಗದಿದ್ದರೆ ಗ್ಲೂಕೋಸಿನ ಹಾಗೆ ಹಾಕುವುದು. ಯಾವುದಕ್ಕೂ ಖಾತ್ರಿ ಕೊಡಲಿಲ್ಲ. ಆ ಹನ್ನೊಂದನ್ನು ತಿನ್ನಬೇಡಿ, ಸೆರಗಿನ ಬೆವರು ತಿಂದಿವೆ ಎಂದು ತಾವೇ ಇಟ್ಟುಕೊಂಡರು. ಪತ್ರ ಬರೆದರು. ನಿಮ್ಮ ಗಣೇಶ ಬುಧವಾರ ಬೆಳಿಗ್ಗೆ ಹರೀಶನಿಗೆ ಫೋನು ಮಾಡಿ, ಪೆಟ್ಟಿಗೆ ಬಿಡಿಸಿದ್ದೇನೆ ಅಂದ. ಆರು ದಿನ ಖಾಲಿ ಹೋಯಿತು, ಅಷ್ಟೆ.

ಈ ಸಲ ಕಾಗದಕ್ಕೆ ಸಹಿ ಮಾಡಿದ್ದು ನಾನು. ಹರೀಶ “ಹೆಬ್ಬೆಟ್ಟು ಸಾಕು ಅವ್ವಾ” ಅಂದ. ಏಳನೇ ಕ್ಲಾಸು ಓದಿದವಳು ನಾನು, ಹೆಬ್ಬೆಟ್ಟು ಯಾಕೆ? ಡಾಕ್ಟರಿಗೆ ಹೇಳಿ ಗುಳಿಗೆಯ ಹೆಸರನ್ನು ಕನ್ನಡದಲ್ಲಿ ಬರೆಸಿಕೊಂಡೆ. ಹೇಳಲು ಬರುವುದಿಲ್ಲ, ನಾಲಿಗೆ ಹೊರಳುವುದಿಲ್ಲ. ಆದರೆ ನಿನ್ನ ಅವಲಕ್ಕಿ ಡಬ್ಬಿಯ ಮೇಲೆ ಅನ್ನದ ಅಗುಳಿನಿಂದ ಅಂಟಿಸಿದ್ದೇನೆ. ಕೆಳಗೆ ನನ್ನ ಹೆಸರನ್ನೂ ಬರೆದಿದ್ದೇನೆ: ಚೌಡವ್ವನಿಗೆ ಮಾತ್ರ.

ಇನ್ನೊಂದು ವಿಷಯ ನಿನಗೆ ಬರೆದಿರಲಿಲ್ಲ. ಆ ಕಾಗದ ಓದಿದ ದಿನ, ನೀನು ಹೇಳಿದ ಹಾಗೆ ಅಕ್ಕಿ ಚೀಲದ ಮೇಲೆ ಕೂತೇ ಓದಿದೆ. ನಿಂತಿದ್ದರೆ ಬೀಳುತ್ತಿದ್ದೆ.

ಚೌಡವ್ವ


ದಾವಣಗೆರೆ
21 ಆಗಸ್ಟ್ 2025, ಗುರುವಾರ

ಅತ್ತೆ,

ಇದನ್ನು ಮಧ್ಯಾಹ್ನದ ಬಸ್ಸಿಗೆ ಕೊಡುತ್ತೇನೆ. ಡಬ್ಬಿ ಇಲ್ಲ, ಬರೀ ಕಾಗದ. ಖಾಜಾ ಹುಸೇನಣ್ಣ ಕೈಗೆ ತೆಗೆದುಕೊಂಡು ತೂಗಿ ನೋಡಿ, “ಈ ಸಲ ಮೆಣಸಿನಕಾಯಿ ಇಲ್ವಲ್ಲ?” ಅನ್ನುತ್ತಾನೆ, ನೋಡು.

ನಿನ್ನೆ ಹರೀಶಣ್ಣ ಫೋನು ಮಾಡಿದ. ಸಂಕ್ರಾಂತಿಯ ನಂತರ ಮೊದಲ ಸಲ. “ಬೆಂಗಳೂರಿಗೆ ಅವ್ವನ ಜೊತಿಗೆ ನೀನು ಹೋಗು” ಅಂದ. ಯಾಕೆ, ನೀನು ಮಗ ಅಲ್ಲವಾ ಅಂದೆ. “ಡಾಕ್ಟ್ರ ಮುಂದೆ ನಿಂತ್ರೆ ನನಗೆ ಸುಳ್ಳು ಬರ್ತೈತೆ. ಚಲೋ ಐತೆ ಅವ್ವಾ ಅಂದುಬಿಡ್ತೀನಿ. ನಿನಗೆ ಬರಲ್ಲ. ನೀನೇ ಹೋಗು” ಅಂದ. ಅವನು ನನಗೆ ಇಷ್ಟು ಒಳ್ಳೆಯ ಮಾತು ಯಾವತ್ತೂ ಆಡಿಲ್ಲ. ಶನಿವಾರ ಕೆಲಸ ಮುಗಿಸಿ ತಾನೂ ಬರುತ್ತಾನಂತೆ.

ಅಂಗಡಿಯಲ್ಲಿ ಹತ್ತು ದಿನ ರಜೆ ಕೇಳಿದೆ. ಮಾಲೀಕರು ಐದು ಅಂದರು. ಐದರಲ್ಲಿ ಬರುತ್ತೇನೆ ಎಂದು ಹೇಳಲು ಆಗುವುದಿಲ್ಲ ಅಂದೆ. “ಹೂಂ ಅಂತ ಹೇಳಿ ಹತ್ತು ದಿನ ಬಿಟ್ಟು ಬರಬಾರ್ದಾ? ಎಲ್ಲಾರೂ ಹಂಗೇ ಮಾಡದು” ಅಂದರು. ಕೆಲಸ ಇರುತ್ತದೋ ಇಲ್ಲವೋ ಗೊತ್ತಿಲ್ಲ. ಬ್ಯಾಗು ತುಂಬಿ ಆಗಿದೆ.

ವಾಸಿಯಾಗುತ್ತದೆ ಎಂದು ನಾನು ಬರೆಯುವುದಿಲ್ಲ ಅತ್ತೆ. ನನಗೆ ಗೊತ್ತಿಲ್ಲ. ಚೂರು ತೆಗೆಯುವಾಗ ನೋವಾಗುತ್ತದಾ ಎಂದು ನೀನು ಹರೀಶಣ್ಣನ ಕೈಲಿ ಕೇಳಿಸಿದ್ದೆಯಲ್ಲ, ಗಣೇಶನನ್ನು ಕೇಳಿದೆ, ಅವನು ಆಸ್ಪತ್ರೆಗೆ ಕೇಳಿ ಹೇಳಿದ: ಜಾಗ ಮರಗಟ್ಟಿಸುತ್ತಾರೆ, ಆದರೂ ಸ್ವಲ್ಪ ಆಗುತ್ತದೆ. ಸ್ವಲ್ಪ ಅಂದರೆ ಎಷ್ಟು ಎಂದು ಅವನಿಗೂ ಗೊತ್ತಿಲ್ಲ. ಒಳಗೆ ಬಿಡುವ ತನಕ ನಾನು ಪಕ್ಕದಲ್ಲೇ ಇರುತ್ತೇನೆ. ಈ ಸಲ ಎಳನೀರು ಗಾಡಿಯ ಹಿಂದೆ ಅಲ್ಲ.

ಹಳೆಯ ಸ್ಕ್ಯಾನಿನ ಹಾಳೆಗಳನ್ನು ಮಡಚಬೇಡ. ಕಂಬಳಿ ತಗೋ. ಡಬ್ಬಿಯನ್ನು ಕೈಚೀಲದಲ್ಲೇ ಇಟ್ಟುಕೋ, ಬೆಳಗಿನ ಗುಳಿಗೆಯ ಹೊತ್ತಿಗೆ ನಾವು ರೈಲಿನಲ್ಲೇ ಇರುತ್ತೇವೆ. ಮಾಸೂಮಾ ಚಾಚಿ ರೊಟ್ಟಿ ಕಟ್ಟಿ ಕೊಡುತ್ತಾರೆ ಎಂದು ಹರೀಶಣ್ಣ ಹೇಳಿದ. ಬೇಡ ಅನ್ನಬೇಡ. ಪಕ್ಕದ ಸೀಟಿನವರಿಗೆ ರೊಟ್ಟಿ ಎಷ್ಟು ಬೇಕಾದರೂ ಹಂಚು.

ಟಿಕೆಟ್ಟು ಎರಡು ಇವೆ, ಒಂದೇ ಬೋಗಿ, ಪಕ್ಕಪಕ್ಕದ ಸೀಟು. ಕಿಟಕಿ ನಿನ್ನದು. ನಾಳೆ ಬೆಳಗಿನ ರೈಲಿಗೆ ನೀನು ಹರಿಹರದಲ್ಲಿ ಹತ್ತು, ನಾನು ದಾವಣಗೆರೆಯಲ್ಲಿ ಹತ್ತುತ್ತೇನೆ.

ಚೈತ್ರಾ